ಪಾರ್ಸರ್‌ಗೆ ಬೋಡ್ಮಾಸ್ ಸಾಲದು

ಎಕ್ಸೆಲ್‌ನಲ್ಲಿ =-2^2 ಎಂದು ಟೈಪ್ ಮಾಡಿ (^ ಎಂದರೆ ಘಾತದ ಗುರುತು). ಉತ್ತರ 4. ಪೈಥಾನ್‌ನಲ್ಲಿ ಘಾತಕ್ಕೆ ** ಬಳಸಿ -2**2 ಕೊಟ್ಟರೆ -4. ಜಾವಾಸ್ಕ್ರಿಪ್ಟ್ ಇದೇ ಸಾಲಿಗೆ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಬ್ರಾಕೆಟ್ ಹಾಕಿಕೊಂಡು ಬಾ ಅನ್ನುವ ಧೋರಣೆ. ಇದರಲ್ಲಿ ಯಾವುದೂ ಬಗ್ ಅಲ್ಲ. ನಿಯಮ ಬರೆದವರ ತೀರ್ಮಾನ ಬೇರೆ ಬೇರೆ, ಅಷ್ಟೇ.

ಟೈಪ್ ಮಾಡಿದ ಸಮೀಕರಣವನ್ನು ಓದಿ ಬಿಡಿಸುವ ಪ್ರೋಗ್ರಾಂ, ಅಂದರೆ ಪಾರ್ಸರ್, ಬರೆಯಲು ಕೂತವರು ಮೊದಲು ಕೇಳುವುದು ಯಾವ ಅಲ್ಗಾರಿದಮ್ ಎಂದು. ಅದು ಹಳೆಯ ವಿಷಯ. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1961ರಲ್ಲೇ ಇದಕ್ಕೆ ಷಂಟಿಂಗ್ ಯಾರ್ಡ್ ಎಂಬ ವಿಧಾನವನ್ನು ವಿವರಿಸಿದ್ದರು. ತಲೆನೋವು ಇರುವುದು, ಯಾವ ಲೆಕ್ಕ ಮೊದಲು ಎಂದು ಹೇಳುವ ಶಾಲೆಯ ಬೋಡ್ಮಾಸ್ ನಿಯಮ ಏನೂ ಹೇಳದ ಜಾಗಗಳಲ್ಲಿ.

ನಾನು ಸಾಮಾನ್ಯವಾಗಿ ನಾಲ್ಕು ನಿಯಮ ಇಡುತ್ತೇನೆ. ಮೊತ್ತ ಎಂದರೆ ಗುಣಲಬ್ಧಗಳ ನಡುವೆ + ಅಥವಾ -. ಗುಣಲಬ್ಧ ಎಂದರೆ ಚಿಹ್ನೆ ಸಹಿತ ಪದಗಳ ನಡುವೆ * ಅಥವಾ /. ಚಿಹ್ನೆ ಸಹಿತ ಪದ ಎಂದರೆ ಮೈನಸ್ ಮತ್ತು ಇನ್ನೊಂದು ಚಿಹ್ನೆ ಸಹಿತ ಪದ, ಇಲ್ಲವೇ ಒಂದು ಘಾತ. ಘಾತ ಎಂದರೆ ಒಂದು ಸಂಖ್ಯೆ, ಚರಾಕ್ಷರ ಅಥವಾ ಬ್ರಾಕೆಟ್. ಬೇಕಿದ್ದರೆ ಅದರ ಮುಂದೆ ^ ಮತ್ತು ಒಂದು ಚಿಹ್ನೆ ಸಹಿತ ಪದ.

ಕೊನೆಯ ನಿಯಮವನ್ನು ಇನ್ನೊಮ್ಮೆ ನೋಡಿ. ^ ಆದ ಮೇಲೆ ಚಿಹ್ನೆ ಸಹಿತ ಪದ ಬರಬಹುದಾದ್ದರಿಂದ 2^-1 ಸಲೀಸಾಗಿ ದಾಟುತ್ತದೆ. 2^3^2 ಬಲಗಡೆಯಿಂದ ಗುಂಪಾಗಿ, ಅಂದರೆ 2^(3^2) ಆಗಿ, 512 ಆಗುತ್ತದೆ. ಎಕ್ಸೆಲ್ ಎಡದಿಂದ ಹೋಗಿ 64 ಕೊಡುತ್ತದೆ! ಮೈನಸ್ ಘಾತದ ಹೊರಗೇ ಉಳಿಯುವುದರಿಂದ -2^2 ಕೂಡ -4 ಆಗುತ್ತದೆ, ಗಣಿತದ ಮೇಷ್ಟ್ರು ಒಪ್ಪುವ ಹಾಗೆ.

ಮೊತ್ತದ ನಿಯಮದಲ್ಲಿ ಒಂದು ಗುಂಡಿ ಇದೆ. ‘ಮೊತ್ತ ಎಂದರೆ ಮೊತ್ತ - ಗುಣಲಬ್ಧ’ ಎಂದು ಬರೆದು ಅದನ್ನೇ ಫಂಕ್ಷನ್ ಮಾಡಿದರೆ, ಒಂದು ಟೋಕನ್ನೂ (ಸಂಖ್ಯೆ ಅಥವಾ ಚಿಹ್ನೆಯಂಥ ಬಿಡಿ ತುಣುಕು) ಓದದೆ ಅದು ತನ್ನನ್ನೇ ಕರೆಯುತ್ತಾ ಕೂರುತ್ತದೆ. ತಿರುಗಿಸಿ ‘ಗುಣಲಬ್ಧ - ಮೊತ್ತ’ ಎಂದರೆ 10-4-3ಕ್ಕೆ 9 ಬರುತ್ತದೆ. ಸುಮ್ನೆ ಲೂಪ್ ಹಾಕಿ, ಎಡದಿಂದ ಕಟ್ಟುತ್ತಾ ಹೋಗಿ.

ಗುಣಾಕಾರದ ಗುರುತು ಬಿಟ್ಟು ಬರೆಯುವ ಅಭ್ಯಾಸ ಇನ್ನೂ ಜಾಸ್ತಿ ಕಾಡುತ್ತದೆ. 6/2(1+2) ಎಂದರೆ 9 ಎನ್ನುವ ಕ್ಯಾಲ್ಕುಲೇಟರ್‌ಗಳಿವೆ, 1 ಎನ್ನುವವೂ ಇವೆ. ಬಳಸುವವರು ವಿದ್ಯಾರ್ಥಿಗಳಾದರೆ 2(1+2) ಅನ್ನು ಒಪ್ಪಲೇಬೇಕು, ಅವರು ಬರೆಯುವುದೇ ಹಾಗೆ. ಆದರೆ ಅದರ ಎಡಕ್ಕೆ / ಇದ್ದರೆ ನಾನು ಊಹಿಸಲು ಹೋಗುವುದಿಲ್ಲ. ಆ ಜಾಗ ತೋರಿಸಿ ‘ಇಲ್ಲಿ ಬ್ರಾಕೆಟ್ ಹಾಕಿ’ ಎಂಬ ಎರರ್ ಕೊಡುತ್ತೇನೆ.