ಎರಿ (ಕಪ್ಪು) ಮಣ್ಣಿನ ದಾರಿಗೆ ಸೈಕಲ್ಲಿಗೆ ಎಲೆಕ್ಟ್ರಾನಿಕ್ ಗೇರ್ ಹಾಕಿಸಬಹುದಾ?

ಪ್ರಶ್ನೆ: ನನ್ನದು 12 ಗೇರಿನ ಎಂಟಿಬಿ (ಮೌಂಟೇನ್ ಬೈಕ್ ಸೈಕಲ್), ಮೂರು ವರ್ಷ ಹಳೆಯದು. ಧಾರವಾಡದ ಸುತ್ತಮುತ್ತ ವಾರಕ್ಕೆ ಮೂರು ದಿನ ಓಡಿಸುತ್ತೇನೆ. ರಜೆ ಸಿಕ್ಕರೆ ಗದಗ ಕಡೆಗೂ ಹೋಗುತ್ತೇನೆ. ಮಳೆಗಾಲ ಬಂತು ಅಂದ್ರೆ ಗೇರ್ ಸರಿಯಾಗಿ ಬೀಳುವುದಿಲ್ಲ. ಎಲೆಕ್ಟ್ರಾನಿಕ್ ಗೇರ್ ಹಾಕಿಸಿದರೆ ಈ ಗೋಳು ತಪ್ಪುತ್ತಾ? ಏನೇನು ಬದಲಿಸಬೇಕು?

ಉತ್ತರ: ಹಾಕಿಸಬಹುದು. ಇಡೀ ಸೈಕಲ್ ಬದಲಿಸುವುದೂ ಬೇಕಾಗಿಲ್ಲ. ಆದರೆ ಗೋಳು ತಪ್ಪುತ್ತಾ ಅನ್ನುವುದಕ್ಕೆ ಉತ್ತರ ಬೇರೆ. ಎಲೆಕ್ಟ್ರಾನಿಕ್ ಗೇರ್ ನಿಮ್ಮ ಸೈಕಲ್ಲಿನಿಂದ ತೆಗೆದುಹಾಕುವುದು ಒಂದೇ ಒಂದು ವಸ್ತುವನ್ನು. ಅದು ವೈರ್. ಚೈನ್, ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಗೊಂಚಲು), ಹ್ಯಾಂಗರ್ (ಚೈನ್ ಸರಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು), ಮಣ್ಣು, ಎಲ್ಲಾ ಇದ್ದಲ್ಲೇ ಇರುತ್ತವೆ. ಹಾಗಾಗಿ ನಿಮ್ಮ ಗೋಳು ವೈರಿನದ್ದಾ ಅಂತ ಮೊದಲು ನೋಡಿಕೊಳ್ಳಿ.

ಈಗಿನ ನಿಮ್ಮ ಗೇರ್ ಕೆಲಸ ಮಾಡುವುದು ಹೀಗೆ. ಹ್ಯಾಂಡಲಿನ ಶಿಫ್ಟರ್ ಒತ್ತಿದರೆ ಉಕ್ಕಿನ ಸಣ್ಣ ವೈರ್ ಡಿರೇಲರನ್ನು ದೊಡ್ಡ ಹಲ್ಲಿನ ಚಕ್ರದ ಕಡೆ ಎಳೆಯುತ್ತದೆ. ವೈರ್ ಸಡಿಲ ಬಿಟ್ಟರೆ ಡಿರೇಲರಿನ ಸ್ಪ್ರಿಂಗ್ ಅದನ್ನು ಚಿಕ್ಕ ಚಕ್ರದ ಕಡೆ ವಾಪಸ್ ತರುತ್ತದೆ. 12 ಗೇರಿನ ಕ್ಯಾಸೆಟ್‌ನಲ್ಲಿ ಒಂದು ಚಕ್ರಕ್ಕೂ ಪಕ್ಕದ್ದಕ್ಕೂ 4 ಮಿಲಿಮೀಟರಿಗಿಂತ ಕಡಿಮೆ ಅಂತರ. ವೈರ್ ಕೂದಲೆಳೆಯಷ್ಟು ಸಡಿಲವಾದರೂ ಚೈನ್ ಎರಡರ ನಡುವೆ ತಡವರಿಸುತ್ತದೆ.

ಪರೀಕ್ಷೆ ಸುಲಭ. ದೊಡ್ಡ ಚಕ್ರಕ್ಕೆ ಚೆನ್ನಾಗಿ ಹತ್ತಿ, ಚಿಕ್ಕದಕ್ಕೆ ಇಳಿಯುವಾಗ ಮಾತ್ರ ಸೋಮಾರಿತನ ಮಾಡುತ್ತಾ? ಹಾಗಿದ್ದರೆ ವೈರಿನ ಹೊರಕವಚದೊಳಗೆ ಮಣ್ಣು, ತುಕ್ಕು ಸೇರಿದೆ. ಸ್ಪ್ರಿಂಗಿಗೆ ಅದನ್ನು ವಾಪಸ್ ಎಳೆಯಲು ಆಗುತ್ತಿಲ್ಲ. ಕೆಲವು ಗೇರುಗಳಲ್ಲಿ ಸದ್ದೇ ಇಲ್ಲ, ಇನ್ನು ಕೆಲವದರಲ್ಲಿ ಕಟಕಟ ಅನ್ನುತ್ತೆ, ಎಷ್ಟು ತಿರುಗಿಸಿದರೂ ಎರಡೂ ಒಟ್ಟಿಗೆ ಸರಿಹೋಗುವುದಿಲ್ಲ ಅಂದ್ರೆ ಹ್ಯಾಂಗರ್ ಬಾಗಿರುವ ಸಾಧ್ಯತೆ ಜಾಸ್ತಿ. ಏರಿನಲ್ಲಿ ಒತ್ತಿ ತುಳಿದಾಗ ಚೈನ್ ಹಲ್ಲು ಹಾರಿದರೆ ಚೈನೋ ಕ್ಯಾಸೆಟ್ಟೋ ಸವೆದಿದೆ. ಈ ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ಎಲೆಕ್ಟ್ರಾನಿಕ್ ಗೇರ್ ಮದ್ದು. ಅದಕ್ಕೂ ಹೊಸ ವೈರ್, ಹೊಸ ಹೊರಕವಚ ಹಾಕಿದರೆ ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ.

ಹುಬ್ಬಳ್ಳಿಯಲ್ಲಿ ಒಮ್ಮೆ ನನ್ನ ಸೈಕಲ್ಲಿನ ಹಳೆಯ ವೈರ್ ಎಳೆದು ತೆಗೆದಾಗ ಪಕ್ಕದಲ್ಲೇ ಕೂತು ನೋಡಿದ್ದೆ. ಡಿರೇಲರಿನ ಹತ್ತಿರ, ಕವಚ ಬಾಗಿ ಒಳಹೋಗುವ ಕೊನೆಯ ಗೇಣುದ್ದದಲ್ಲಿ ವೈರ್ ಕಂದು ಬಣ್ಣಕ್ಕೆ ತಿರುಗಿತ್ತು. ಕವಚವನ್ನು ಅಲ್ಲಾಡಿಸಿದರೆ ಕಾಫಿಯ ಗಸಿಯಂಥ ನೀರು ತೊಟ್ಟಿಕ್ಕಿತು. ಮೆಕ್ಯಾನಿಕ್ ಅಣ್ಣ ಅದನ್ನು ಬೆರಳಿಗೆ ಒರೆಸಿಕೊಂಡು, "ನೋಡ್ರಿ ಸರ, ಇದನ್ನ ಹೊತ್ಕೊಂಡ ಗೇರ್ ಹೆಂಗ ಬೀಳ್ತದ?" ಅಂದರು. ಉಳಿದ ವೈರ್ ಹೊಸದರ ಹಾಗೆ ಫಳಫಳ ಅಂತಿತ್ತು. ಕೆಟ್ಟಿದ್ದು ಆ ಒಂದು ಗೇಣು ಮಾತ್ರ.

ಇಷ್ಟೆಲ್ಲಾ ಸರಿಯಿದ್ದೂ ಎಲೆಕ್ಟ್ರಾನಿಕ್ ಬೇಕು ಅನಿಸಿದರೆ ಅದು ತಪ್ಪಲ್ಲ. ನಾನೂ ಹಾಕಿಸಿದ್ದೇನೆ, ಎರಡು ಮಳೆಗಾಲ ಆಯ್ತು. ಬಟನ್ ಒತ್ತಿದರೆ ಪುಟ್ಟ ಮೋಟಾರ್ "ಜುಂಯ್" ಅನ್ನುತ್ತದೆ, ಗೇರ್ ಬಿದ್ದಿರುತ್ತದೆ. ಮೊದಲ ದಿನ ಹೇಗೋ ನೂರನೇ ದಿನವೂ ಹಾಗೇ. ಹೆಬ್ಬೆರಳಿಗೆ ಶ್ರಮವೇ ಇಲ್ಲ. ಕೈಬೆರಳುಗಳ ಗಂಟು ನೋಯುವವರಿಗೆ, ವಯಸ್ಸಾದವರಿಗೆ ಇದು ದೊಡ್ಡ ಉಪಕಾರ ಅಂತ ನಾನು ನಿಜಕ್ಕೂ ನಂಬುತ್ತೇನೆ.

ಈಗ ಏನೇನು ಬದಲಿಸಬೇಕು ಅನ್ನುವುದಕ್ಕೆ ಬರೋಣ. ಎಂಟಿಬಿಗೆ ಎಲೆಕ್ಟ್ರಾನಿಕ್ ಗೇರ್ ತಂದದ್ದು ಶಿಮಾನೊ ಕಂಪನಿ, 2014ರ ಎಕ್ಸ್‌ಟಿಆರ್ ಡಿಐ2 ಮೂಲಕ. ಆದರೆ ಅದರಲ್ಲಿ ಗೇರ್ ವೈರಿನ ಬದಲು ವಿದ್ಯುತ್ ವೈರನ್ನು ಫ್ರೇಮಿನೊಳಗೆ ಓಡಿಸಬೇಕಿತ್ತು. 2019ರಲ್ಲಿ ಸ್ರ್ಯಾಮ್ ಕಂಪನಿಯ ವೈರ್‌ಲೆಸ್ ಗೇರ್ ಈಗಲ್ ಎಎಕ್ಸ್‌ಎಸ್ ಬಂದ ಮೇಲೆ ಆ ವೈರೂ ಹೋಯಿತು. ಬ್ಯಾಟರಿ ಡಿರೇಲರಿನ ಬೆನ್ನಿಗೇ ಸಿಕ್ಕಿಸುವಂಥದ್ದು. 2021ರಲ್ಲಿ ಅದರದ್ದೇ ಸ್ವಲ್ಪ ಅಗ್ಗದ ಜಿಎಕ್ಸ್ ಬಂತು. 2025ರಲ್ಲಿ ಶಿಮಾನೊ ಕೂಡ ಎಂಟಿಬಿಗೆ ವೈರ್‌ಲೆಸ್ ಡಿಐ2 ತಂದಿತು.

ನಿಮ್ಮ ಸೈಕಲ್ಲಿನಲ್ಲಿ ಈಗ ಸ್ರ್ಯಾಮ್ ಈಗಲ್ 12 ಗೇರ್ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. 2019–21ರ ಮಾದರಿಯ ಎಎಕ್ಸ್‌ಎಸ್ ಡಿರೇಲರ್ ಅದೇ ಕ್ಯಾಸೆಟ್, ಅದೇ ಚೈನ್, ಅದೇ ಹ್ಯಾಂಗರಿನ ಮೇಲೆ ಕೂರುತ್ತದೆ. ಡಿರೇಲರ್, ಹ್ಯಾಂಡಲಿನ ಬಟನ್, ಬ್ಯಾಟರಿ, ಚಾರ್ಜರ್, ಇಷ್ಟೇ ಹೊಸದು. ಶಿಮಾನೊ 12 ಗೇರ್ ಇರುವವರು ಶಿಮಾನೊದಲ್ಲೇ ಉಳಿಯುವುದು ಜಾಣತನ.

ಎಡವುವ ಜಾಗ ಮುಂದಿದೆ. 2023ರಲ್ಲಿ ಸ್ರ್ಯಾಮ್ 'ಟ್ರಾನ್ಸ್‌ಮಿಷನ್' ಅಂತ ಬೇರೆಯೇ ಪೀಳಿಗೆ ತಂದಿತು. ಅದರಲ್ಲಿ ಹ್ಯಾಂಗರೇ ಇಲ್ಲ, ಡಿರೇಲರ್ ನೇರವಾಗಿ ಫ್ರೇಮಿಗೆ ಬಿಗಿಯುತ್ತದೆ. ಅದಕ್ಕೆ ನಿಮ್ಮ ಫ್ರೇಮ್ ಯುಡಿಎಚ್ ಅನ್ನುವ ಹ್ಯಾಂಗರಿನ ಅಳತೆಗೆ ಮಾಡಿದ್ದಾಗಿರಬೇಕು. ಚೈನ್, ಕ್ಯಾಸೆಟ್ ಕೂಡ ಅದರದ್ದೇ ಆಗಬೇಕು. ಹಳೆಯ ಈಗಲ್ ಕ್ಯಾಸೆಟ್ ಇಟ್ಟುಕೊಂಡು ಈ ಡಿರೇಲರ್ ಮಾತ್ರ ತಂದರೆ ಹೊಂದುವುದಿಲ್ಲ. ಎರಡೂ ಎಎಕ್ಸ್‌ಎಸ್ ಹೆಸರಿನವೇ ಆದ್ದರಿಂದ ಆನ್‌ಲೈನ್‌ನಲ್ಲಿ ಸುಮ್ನೆ ಹೆಸರು ನೋಡಿ ಆರ್ಡರ್ ಮಾಡಬೇಡಿ.

ಇನ್ನೊಂದು, ಹಬ್. ಕ್ಯಾಸೆಟ್ ಬದಲಿಸಬೇಕಾದರೆ ಹಿಂದಿನ ಗಾಲಿಯ ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ) ಯಾವ ನಮೂನೆಯದು ಅಂತ ಗೊತ್ತಿರಬೇಕು. ಅತಿ ಚಿಕ್ಕ ಚಕ್ರದ ಹಲ್ಲು ಎಣಿಸಿ. 11 ಹಲ್ಲಿದ್ದರೆ ಸಾಮಾನ್ಯವಾಗಿ ಎಚ್‌ಜಿ ನಮೂನೆ. 10 ಇದ್ದರೆ ಸ್ರ್ಯಾಮ್‌ನಲ್ಲಿ ಎಕ್ಸ್‌ಡಿ, ಶಿಮಾನೊದಲ್ಲಿ ಮೈಕ್ರೊಸ್ಪ್ಲೈನ್. ಒಂದರ ಕ್ಯಾಸೆಟ್ ಇನ್ನೊಂದಕ್ಕೆ ಕೂರುವುದಿಲ್ಲ. ಇದನ್ನು ಓದುತ್ತಿರುವ 7 ಗೇರ್, 8 ಗೇರ್ ಸೈಕಲ್ಲಿನವರಿಗೆ ಒಂದು ಮಾತು: ನಿಮ್ಮ ಗಾಲಿಯಲ್ಲಿ ಕ್ಯಾಸೆಟ್ ಬದಲು ಸ್ಕ್ರೂ ಹಾಗೆ ತಿರುಗಿಸಿ ಕೂರಿಸುವ ಫ್ರೀವೀಲ್ ಇರಬಹುದು. ಹಾಗಿದ್ದರೆ 12 ಗೇರಿಗೆ ಹೋಗಲು ಗಾಲಿಯಿಂದಲೇ ಶುರು ಮಾಡಬೇಕು. ಎಷ್ಟು ಗೇರ್ ಅಂತ ಮೊಬೈಲ್ ಆ್ಯಪ್‌ನಲ್ಲೇ ಹೊಂದಿಸಿಕೊಳ್ಳುವ ವೀಲ್‌ಟಾಪ್‌ನಂಥ ಚೀನಾ ಕಂಪನಿಯ ಡಿರೇಲರುಗಳೂ ಬಂದಿವೆ. ಆದರೂ ಡಿರೇಲರಿನ ಬೆಲೆ ಸೈಕಲ್ಲಿನ ಬೆಲೆಯನ್ನೇ ಮೀರುವಾಗ ನಾನು ಬೇಡ ಅನ್ನುತ್ತೇನೆ. ಆ ದುಡ್ಡನ್ನು ಒಳ್ಳೆಯ ಟೈರಿಗೆ, ಬ್ರೇಕಿಗೆ ಹಾಕಿ.

ಬ್ಯಾಟರಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಿಂತೆ ಬೇಡ. ಎಎಕ್ಸ್‌ಎಸ್ ಡಿರೇಲರಿನ ಬ್ಯಾಟರಿ ಒಮ್ಮೆ ತುಂಬಿದರೆ ಸುಮಾರು 20 ಗಂಟೆ ಓಡಿಸಬಹುದು, ತುಂಬಲು ಒಂದು ಗಂಟೆ ಸಾಕು. ಹ್ಯಾಂಡಲಿನ ಬಟನ್ನಿಗೆ ಸಿಆರ್2032 ಸೆಲ್, ಎಲ್ಲಾ ಕಡೆ ಸಿಗುತ್ತದೆ. ದಾರಿಯಲ್ಲಿ ಬ್ಯಾಟರಿ ಮುಗಿದರೆ ಯಾವ ಗೇರಿನಲ್ಲಿದ್ದಿರೋ ಅದರಲ್ಲೇ ಮನೆಗೆ ಬರಬೇಕು, ಅಷ್ಟೇ. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಕಪ್ಪತಗುಡ್ಡದ ಕಡೆ ಹೋಗುವಾಗ ಮಾತ್ರ ಬ್ಯಾಟರಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಅಲುಗಾಟಕ್ಕೆ ಡಿರೇಲರ್ ಎಚ್ಚರವಾಗಿಯೇ ಇದ್ದು ಚಾರ್ಜ್ ಸುಮ್ನೆ ಖರ್ಚಾಗುತ್ತದೆ.

ನೀರಿಗೂ ಅಷ್ಟು ಹೆದರಬೇಕಿಲ್ಲ. ಮಳೆ, ಹಳ್ಳ ಎಲ್ಲಾ ತಾಳುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪ್ ಮಾತ್ರ ಹತ್ತಿರ ತರಬೇಡಿ.

ಹೆದರಬೇಕಾದದ್ದು ಮಣ್ಣಿಗೆ. ಧಾರವಾಡದ ದಕ್ಷಿಣಕ್ಕೆ, ಪಶ್ಚಿಮಕ್ಕೆ, ಕಲಘಟಗಿ, ಹಳಿಯಾಳದ ಕಡೆ ಕೆಂಪು ಮಸಾರಿ ನೆಲ. ಮಳೆ ನಿಂತು ಸ್ವಲ್ಪ ಹೊತ್ತಿಗೆ ಓಡಿಸಬಹುದು, ಮಣ್ಣು ಉದುರಿಹೋಗುತ್ತದೆ. ಪೂರ್ವಕ್ಕೆ ನವಲಗುಂದ, ಗದಗ ಕಡೆ ತಿರುಗಿದರೆ ಎರಿ. ಅದು ಹಸಿಯಾದಾಗ ಮಣ್ಣಲ್ಲ, ಅಂಟು. ಕಳೆದ ಜೂನ್‌ನಲ್ಲಿ ನವಲಗುಂದದ ಕಡೆ ಒಂದು ಹೊಲದ ದಾರಿಯಲ್ಲಿ ಹೊರಟಿದ್ದೆ. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿನ ಮೇಲೆ ಮಣ್ಣು ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡಿತು. ನಾನು ಇನ್ನೂ ಸ್ವಲ್ಪ ಅಂತ ತುಳಿದೆ. ಮಣ್ಣು, ಜೋಳದ ಕೂಳೆ, ಒಣಹುಲ್ಲು ಸೇರಿ ಡಿರೇಲರಿನ ಸಣ್ಣ ಚಕ್ರಗಳಲ್ಲಿ ಗಟ್ಟಿಯಾಗಿ ಕೂತವು. ಚೈನ್ ಮುಂದೆ ಹೋಗಲಿಲ್ಲ, ಡಿರೇಲರನ್ನೇ ಹಿಂದಕ್ಕೆ ಎಳೆದುಕೊಂಡಿತು. ಟಕ್ ಅಂತ ಒಂದು ಸದ್ದು. ಹ್ಯಾಂಗರ್ ಬಾಗಿ ಡಿರೇಲರ್ ಸ್ಪೋಕಿಗೆ ತಾಗಿ ನಿಂತಿತ್ತು. ಮೋಟಾರು, ಬ್ಯಾಟರಿ, ಎಲ್ಲಾ ಸರಿಯಾಗೇ ಇದ್ದವು. ಎಎಕ್ಸ್‌ಎಸ್‌ನಂಥ ಡಿರೇಲರಿನಲ್ಲಿ ಕಲ್ಲು ತಾಗಿದಾಗ ಮೋಟಾರು ಕೈಬಿಟ್ಟು, ಆಮೇಲೆ ತನ್ನ ಜಾಗಕ್ಕೆ ವಾಪಸ್ ಬರುವ ಏರ್ಪಾಡು ಇದೆ. ಅದು ಪಕ್ಕದಿಂದ ಬೀಳುವ ಹೊಡೆತಕ್ಕೆ ಮಾತ್ರ. ಚೈನ್ ಹಿಂದಕ್ಕೆ ಎಳೆದರೆ ಅದು ಏನೂ ಮಾಡಲಾರದು. ವೈರಿನ ಡಿರೇಲರ್ ಆಗಿದ್ದರೂ ಇದೇ ಆಗುತ್ತಿತ್ತು, ಆದರೆ ಮುರಿದಿದ್ದರೆ ಹೊಸದಕ್ಕೆ ಅದರ ನಾಲ್ಕಾರು ಪಟ್ಟು ದುಡ್ಡು ಬೇಕಿತ್ತು.

ಅದಕ್ಕೇ ಹೇಳುವುದು, ಎರಿ ಹೊಲದಲ್ಲಿ ಗಾಲಿ ಕಟ್ಟಿದರೆ ಒಂದು ಸುತ್ತೂ ಹೆಚ್ಚಿಗೆ ತುಳಿಯಬೇಡಿ. ಇಳಿದು ಸೈಕಲ್ ಹೊತ್ತುಕೊಳ್ಳಿ. ಕಡ್ಡಿಯಿಂದ ಡಿರೇಲರಿನ ಎರಡು ಪುಟ್ಟ ಚಕ್ರಗಳನ್ನು ಮೊದಲು ಕೆರೆಯಿರಿ, ಆಮೇಲೆ ಟೈರ್. ನಿಮ್ಮ ಫ್ರೇಮಿನದ್ದೇ ಒಂದು ಹೆಚ್ಚುವರಿ ಹ್ಯಾಂಗರ್ ಬ್ಯಾಗಿನಲ್ಲಿರಲಿ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಥರ, ಬೇಕಾದಾಗ ಹುಡುಕಿದರೆ ನಮ್ಮೂರಲ್ಲಿ ಸಿಗುವುದಿಲ್ಲ.

2021ರಲ್ಲಿ ಗದಗ ಪಕ್ಕದ ಬಿಂಕದಕಟ್ಟಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನಡೆದಿತ್ತು. ಅಂಥ ಕಲ್ಲು ಗುಡ್ಡದ ಒಣ ದಾರಿಯಲ್ಲಿ ಎಲೆಕ್ಟ್ರಾನಿಕ್ ಗೇರ್ ತನ್ನ ಪೂರ್ತಿ ಬೆಲೆ ತೋರಿಸುತ್ತದೆ. ಕುಲುಕಾಟದಲ್ಲೂ ಒಂದು ಒತ್ತಿಗೆ ಒಂದೇ ಗೇರ್. ನೀವು ಗದಗ ಕಡೆ ಹೋಗುವವರಾದ್ದರಿಂದ ಇದು ನಿಮಗೆ ಲೆಕ್ಕಕ್ಕೆ ಬರುತ್ತದೆ.

ಹಾಕಿಸುವುದೇ ಆದರೆ ಕೆಲಸದ ಕ್ರಮ ಇದು. ಮೊದಲು ಹ್ಯಾಂಗರ್ ನೇರ ಇದೆಯಾ ಅಂತ ಅಳತೆಯ ಸಾಧನ ಹಾಕಿ ನೋಡಿಸಿ, ಕಣ್ಣಂದಾಜು ಬೇಡ. ಚೈನ್ ಸವೆತ ಶೇ. 0.5 ದಾಟಿದ್ದರೆ ಬದಲಿಸಿಬಿಡಿ. ಆಮೇಲೆ ಡಿರೇಲರ್ ಕೂರಿಸಿ, ಬಟನ್ ಜೊತೆ ಜೋಡಿ ಮಾಡಿಸಿ. ಎಎಕ್ಸ್‌ಎಸ್‌ನಲ್ಲಿ ಸಣ್ಣ ಬಟನ್ ಹಿಡಿದುಕೊಂಡು ಗೇರ್ ಒತ್ತಿದರೆ ಡಿರೇಲರ್ ಕೂದಲೆಳೆಯಷ್ಟೇ ಸರಿಯುತ್ತದೆ. ಮೊದಲ ದಿನ ಉಣಕಲ್ ಕೆರೆಯ ದಂಡೆಗೋ ಕೆಲಗೇರಿಗೋ ಹೋಗಿ, ನಡುವಿನ ಒಂದು ಗೇರಿನಲ್ಲಿ ಕಿವಿಗೊಟ್ಟು, ಸದ್ದು ಪೂರ್ತಿ ನಿಲ್ಲುವವರೆಗೆ ಹೀಗೆ ಸರಿಸಿಕೊಳ್ಳಿ. ಒಂದು ಗೇರಿಗೆ ಸರಿಯಾಯಿತು ಅಂದ್ರೆ ಹನ್ನೆರಡಕ್ಕೂ ಸರಿಯಾದ ಹಾಗೆ. ಆಗಲೂ ಯಾವುದಾದರೂ ಒಂದು ತುದಿಯಲ್ಲಿ ಕಟಕಟ ಉಳಿದರೆ ಮತ್ತೆ ಬಟನ್ ಒತ್ತಬೇಡಿ, ಹ್ಯಾಂಗರನ್ನು ಇನ್ನೊಮ್ಮೆ ನೋಡಿಸಿ.