ಹಜ್ಜಿಗೆ ಹೋದ ಗದ್ದೆ

ಶ್ರೀರಂಗಪಟ್ಟಣ ತಾಲ್ಲೂಕಿನ ನಾಲೆ ಬಯಲಿನ ಹಳ್ಳಿಯೊಂದರಲ್ಲಿ, ನನಗೆ ಪರಿಚಯವಿರುವ ಹಿರಿಯರೊಬ್ಬರ ತಗಡಿನ ಟ್ರಂಕಿನಲ್ಲಿ ಎರಡು ಪಹಣಿಗಳಿವೆ. ಹಳೆಯದರಲ್ಲಿ ಅವರ ಹೆಸರಿಗೆ 1 ಎಕರೆ 10 ಗುಂಟೆ ಇದ್ದರೆ, ಹೊಸದರಲ್ಲಿ ಉಳಿದಿರುವುದು 28 ಗುಂಟೆ. ಕಳೆದುಹೋದ 22 ಗುಂಟೆ ಗಂಡಹೆಂಡಿರ ಹಜ್ ಯಾತ್ರೆಯ ಖರ್ಚಿಗೆ ಸಂದಿತು. ಹೋಗಿ ಬಂದದ್ದಕ್ಕೆ ಅವರಿಗೆ ಎಳ್ಳಷ್ಟೂ ಬೇಸರವಿಲ್ಲ. ಆದರೆ ಅವರ ಮಗ ಈಗ ಅದೇ ಗದ್ದೆಯಲ್ಲಿ ಕೂಲಿಗೆ ಕಬ್ಬು ಕಡಿಯುತ್ತಾನೆ.

ಹೊಲ ಮಾರಿ ಬಾ ಎಂದು ಧರ್ಮ ಕೇಳುವುದಿಲ್ಲ. ದಾರಿಯನ್ನು ಕ್ರಮಿಸುವ ಸಾಮರ್ಥ್ಯ ಉಳ್ಳವರಿಗೆ ಮಾತ್ರ ಹಜ್ ಕಡ್ಡಾಯವೆಂದು ಕುರ್‌ಆನ್ ಹೇಳುತ್ತದೆ. ಸಾಲ ತೀರಿಸಿ, ಮನೆಯವರ ಅನ್ನಕ್ಕೆ ಏರ್ಪಾಡು ಮಾಡಿ ಹೊರಡಬೇಕೆಂಬುದು ಧರ್ಮಶಾಸ್ತ್ರಜ್ಞರ ಮಾತು. ಹಾಗಿದ್ದರೂ ಹೊಲ ಮಾರಾಟವಾಗುವುದೇಕೆಂದರೆ, ಬಡ್ಡಿ ನಿಷಿದ್ಧವೆಂದು ಬ್ಯಾಂಕಿನಿಂದ ದೂರ ಉಳಿದ ರೈತನಿಗೆ ಉಳಿತಾಯವೆಂದರೆ ದನ, ಒಡವೆ ಮತ್ತು ಭೂಮಿ. ವಯಸ್ಸು ಅರವತ್ತು ದಾಟಿ ಆಸೆ ಬಲಿತಾಗ ಇವುಗಳಲ್ಲಿ ದೊಡ್ಡ ಮೊತ್ತ ತರುವುದು ಭೂಮಿಯೊಂದೇ.

ಇದೇ ಸಂಕಟ 1950ರ ದಶಕದಲ್ಲಿ ಇಂದಿನ ಮಲೇಷ್ಯಾದ ಭಾಗವಾದ ಮಲಯದ ಹಳ್ಳಿಗಳಲ್ಲೂ ಇತ್ತು. ಅಲ್ಲಿನ ರೈತರು ಹಣವನ್ನು ಮನೆಯಲ್ಲೇ ಬಚ್ಚಿಟ್ಟು, ಸಾಲದೆ ಬಂದಾಗ ಹೊಲವನ್ನೂ ಜಾನುವಾರುಗಳನ್ನೂ ಮಾರಿ ಮೆಕ್ಕಾಗೆ ಹೋಗಿ, ಹಾಜಿಗಳಾಗಿ ಮರಳಿದ ಮೇಲೆ ಬಡತನಕ್ಕೆ ಬೀಳುತ್ತಿದ್ದರು. ಮಲಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಉಂಗ್ಕು ಅಜೀಜ್ 1959ರಲ್ಲಿ ಸರ್ಕಾರದ ಮುಂದೆ ಒಂದು ಪ್ರಸ್ತಾವವಿಟ್ಟರು: ಯಾತ್ರೆಗೆ ಹೋಗಬಯಸುವವರು ವರ್ಷಾನುಗಟ್ಟಲೆ ಚಿಕ್ಕ ಚಿಕ್ಕ ಮೊತ್ತ ಕಟ್ಟಲಿ, ಆ ಹಣವನ್ನು ಬಡ್ಡಿಗೆ ಬಿಡದೆ ಧರ್ಮ ಒಪ್ಪುವ ಉದ್ದಿಮೆಗಳಲ್ಲಿ ತೊಡಗಿಸಿ, ಬಂದ ಲಾಭವನ್ನು ಉಳಿತಾಯಗಾರರಿಗೇ ಹಂಚಲಿ. ಅದರ ಫಲವಾಗಿ 1963ರಲ್ಲಿ ಆರಂಭವಾದ ಉಳಿತಾಯ ನಿಗಮ 1969ರಲ್ಲಿ ಯಾತ್ರಾ ಕಚೇರಿಯೊಂದಿಗೆ ಕೂಡಿಕೊಂಡಿತು. ಇಂದು ಅದರ ಹೆಸರು ತಾಬುಂಗ್ ಹಾಜಿ. ಭೂಮಿಯನ್ನು ಮುಟ್ಟದೆ ಯಾತ್ರೆಗೆ ಹೊರಡುವಂತಾದದ್ದು, ನನ್ನ ದೃಷ್ಟಿಯಲ್ಲಿ, ಆ ಯೋಜನೆಯ ಅತಿ ದೊಡ್ಡ ಸಾಧನೆ.

ಅದೇ 1959ರಲ್ಲಿ ಭಾರತದ ಸಂಸತ್ತು, ಯಾತ್ರೆಯ ಏರ್ಪಾಡು ನೋಡಿಕೊಳ್ಳುವ ಹಜ್ ಸಮಿತಿಗಾಗಿ, ಹಜ್ ಸಮಿತಿ ಕಾಯಿದೆಯನ್ನು ಅಂಗೀಕರಿಸಿತು. ಆದರೆ ನಮ್ಮ ಗಮನವೆಲ್ಲ ಪ್ರಯಾಣದ ಮೇಲಿತ್ತು. ಮುಂಬೈಯಿಂದ ಹೊರಡುತ್ತಿದ್ದ ಹಡಗುಗಳು 1995ರಲ್ಲಿ ನಿಂತವು. ವಿಮಾನದ ದರಕ್ಕೆ ಸರ್ಕಾರ ಕೊಡುತ್ತಿದ್ದ ಸಹಾಯಧನವನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಆದೇಶಿಸಿತು. 2018ರಲ್ಲೇ ಅದು ಕೊನೆಗೊಂಡಿತು. ಆ ಸಹಾಯಧನ ಟಿಕೆಟ್ಟನ್ನು ಅಗ್ಗ ಮಾಡಿತೇ ಹೊರತು, ಹಣ ಕೂಡಿಡುವ ದಾರಿಯನ್ನು ರೈತನಿಗೆ ತೋರಿಸಲಿಲ್ಲ. ಇವತ್ತು ಸಮಿತಿಯ ಮೂಲಕ ಹೋದರೂ ಒಬ್ಬರ ಖರ್ಚು 3 ಲಕ್ಷ ರೂಪಾಯಿ ದಾಟುತ್ತದೆ. ಆಯ್ಕೆಯಾದ ಮೇಲೆ ಕಂತುಗಳನ್ನು ಕಟ್ಟಲು ಸಿಗುವುದು ಕೆಲವೇ ತಿಂಗಳು, ಅಷ್ಟರೊಳಗೆ ಕಬ್ಬಿನ ಬಾಕಿ ಕೈಗೆ ಬರುತ್ತದೆಂಬ ಭರವಸೆ ಮಂಡ್ಯದ ಯಾವ ರೈತನಿಗೂ ಇಲ್ಲ.

ಬಡ್ಡಿರಹಿತ ಬ್ಯಾಂಕಿಂಗ್ ಪ್ರಸ್ತಾವವನ್ನು ಮುಂದುವರಿಸದಿರಲು ರಿಸರ್ವ್ ಬ್ಯಾಂಕ್ ನಿರ್ಧರಿಸಿದ ಸಂಗತಿ 2017ರಲ್ಲಿ ಬೆಳಕಿಗೆ ಬಂತು. ಖಾಲಿ ಬಿಟ್ಟ ಜಾಗದಲ್ಲಿ ಮೋಸ ಬೆಳೆಯಿತು: ಬಡ್ಡಿಯಿಲ್ಲದ ಲಾಭದ ಆಸೆ ತೋರಿಸಿದ್ದ ಬೆಂಗಳೂರಿನ ಕಂಪನಿಯೊಂದು 2019ರಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳು ಉಳಿತಾಯ ಕಳೆದುಕೊಂಡವು. ಮಲೇಷ್ಯಾದಲ್ಲೂ ಎಲ್ಲವೂ ನೆಟ್ಟಗಿರಲಿಲ್ಲ. ತಾಬುಂಗ್ ಹಾಜಿ ಕೊಡಬೇಕಾದ ಹಣ ಅದರ ಆಸ್ತಿಗಿಂತ ಹೆಚ್ಚಾಗಿದ್ದರೂ ಲಾಭಾಂಶ ಹಂಚಲಾಗಿತ್ತೆಂದು 2018ರಲ್ಲಿ ಅಲ್ಲಿನ ಸರ್ಕಾರವೇ ತಿಳಿಸಿ, ಸಂಸ್ಥೆಯ ಪುನರ್‌ರಚನೆಗೆ ಕೈ ಹಾಕಬೇಕಾಯಿತು. ಆದ್ದರಿಂದ ಇಂಥ ನಿಧಿಗೆ ಕಾನೂನಿನ ಬಲವೂ ಸ್ವತಂತ್ರ ಲೆಕ್ಕಪರಿಶೋಧನೆಯೂ ಬೇಕೇ ಬೇಕು.

ನಮ್ಮ ಹಳ್ಳಿಗಳಲ್ಲಿ ಕಬ್ಬಿನ ದುಡ್ಡು ತಡವಾದರೂ ಹಾಲಿನ ಡೇರಿಯ ಬಟವಾಡೆ ತಪ್ಪದೆ ಬರುತ್ತದೆ. ಅದರಿಂದ ಹದಿನೈದು ದಿನಕ್ಕೊಮ್ಮೆ 500 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 12,000, 25 ವರ್ಷಕ್ಕೆ 3 ಲಕ್ಷ ಆಗುತ್ತದೆ. ಆದರೆ ಅಷ್ಟು ಹೊತ್ತಿಗೆ ಯಾತ್ರೆಯ ದರ ಎಲ್ಲಿಗೋ ಏರಿರುತ್ತದೆ. ಇಟ್ಟ ಹಣ ಇಟ್ಟಷ್ಟೇ ಇದ್ದರೆ ಮತ್ತೆ ಪಹಣಿಯೇ ಟ್ರಂಕಿನಿಂದ ಹೊರಬರಬೇಕಾಗುತ್ತದೆ.