ಎದೆನೋವಿಲ್ಲ, ಏದುಸಿರಿಲ್ಲ: ಆದರೂ ಎಲ್‌ಡಿಎಲ್ ಇಳಿಸಬೇಕೆ?

ಪ್ರಶ್ನೆ: ನನಗೆ 46 ವರ್ಷ. ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 168 ಬಂದಿದೆ. ನಾಲ್ಕು ಮಹಡಿ ಹತ್ತಿದರೂ ಎದೆನೋವಿಲ್ಲ, ಇಸಿಜಿ ಸರಿಯಿದೆ. ಚಿಂತೆ ಮಾಡಬೇಕೆ?

ಉತ್ತರ: ಮಾಡಬೇಕು. ರಕ್ತನಾಳದ ಗೋಡೆಯೊಳಗೆ ಏನಾಗುತ್ತಿದೆ ಎಂಬುದನ್ನು ಇಸಿಜಿ ತೋರಿಸುವುದಿಲ್ಲ. ಕೊಲೆಸ್ಟ್ರಾಲ್ ಹಾನಿ ಮಾಡುವುದು ಅಲ್ಲೇ.

ಪೈಪಿನಲ್ಲಿ ಜಿಡ್ಡು ಕಟ್ಟಿದಂತೆ ಎಂಬ ಹೋಲಿಕೆ ದಾರಿ ತಪ್ಪಿಸುತ್ತದೆ. ಎಲ್‌ಡಿಎಲ್ ಕಣಗಳು ನಾಳದ ಒಳಪದರ ದಾಟಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತವೆ. ಅವನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿ ಅಲ್ಲೇ ಸಾಯುತ್ತವೆ. ಹೀಗೆ ಬೆಳೆಯುವ ಗಂಟೇ ಪ್ಲಾಕ್. ಮೊದಮೊದಲು ನಾಳ ಹೊರಕ್ಕೆ ಉಬ್ಬಿ ಅದಕ್ಕೆ ಜಾಗ ಕೊಡುವುದರಿಂದ ರಕ್ತದ ದಾರಿ ಕಿರಿದಾಗುವುದೇ ಇಲ್ಲ. ನಡೆಯುವಾಗ ಎದೆ ಹಿಡಿದಂತಾಗುವುದು ಸಾಮಾನ್ಯವಾಗಿ ದಾರಿ ಸುಮಾರು ಶೇ 70ರಷ್ಟು ಮುಚ್ಚಿದ ಮೇಲೆ. ಆದರೆ ಎಷ್ಟೋ ಹೃದಯಾಘಾತಗಳಿಗೆ ಅಷ್ಟು ಮುಚ್ಚಿರಬೇಕಾಗಿಲ್ಲ. ಪ್ಲಾಕ್ ಮೇಲಿನ ತೆಳುಪೊರೆ ಹರಿದರೆ ಸಾಕು, ಅಲ್ಲಿ ರಕ್ತ ಹೆಪ್ಪುಗಟ್ಟಿ ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ಹಿಂದಿನ ದಿನವೂ ಮೆಟ್ಟಿಲು ಸಲೀಸಾಗಿ ಹತ್ತಿದವರಿಗೇ ಹೀಗಾಗುವುದುಂಟು.

ಮಾತ್ರೆ ಬೇಕೆ ಎಂಬುದನ್ನು 168 ಒಂದೇ ತೀರ್ಮಾನಿಸದು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ ಹೃದಯಾಘಾತ ಆಗಿದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. 190 ದಾಟಿದ್ದರೆ ವಂಶವಾಹಿ ಕಾರಣವಿರಬಹುದು. ಆಗ ಪಥ್ಯವೊಂದನ್ನೇ ನಂಬಿ ಕೂರಬಾರದು. ಥೈರಾಯ್ಡ್ ಕಡಿಮೆಯಿದ್ದರೂ ಎಲ್‌ಡಿಎಲ್ ಏರುತ್ತದೆ, ಆದ್ದರಿಂದ ಟಿಎಸ್‌ಎಚ್ ಪರೀಕ್ಷೆಯನ್ನೂ ಮಾಡಿಸಿ.

ಅಡುಗೆಮನೆಯ ವಿಷಯಕ್ಕೆ ಬಂದರೆ, ಎಣ್ಣೆ ಪ್ಯಾಕೆಟ್ ಮೇಲಿನ ‘ಕೊಲೆಸ್ಟ್ರಾಲ್ ಮುಕ್ತ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಕಾಳು, ಕಾಯಿಗಳ ಎಣ್ಣೆ ಯಾವುದರಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನೋಡಬೇಕಾದ್ದು ಸ್ಯಾಚುರೇಟೆಡ್ ಕೊಬ್ಬು: ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ 90, ಪಾಮ್ ಎಣ್ಣೆಯಲ್ಲಿ ಶೇ 50, ಸೂರ್ಯಕಾಂತಿಯಲ್ಲಿ ಶೇ 10ರ ಆಸುಪಾಸು. ಈ ಕೊಬ್ಬು ಹೆಚ್ಚಾದರೆ ರಕ್ತದಿಂದ ಎಲ್‌ಡಿಎಲ್ ಸೆಳೆದುಕೊಳ್ಳುವ ಲಿವರ್‌ನ ರಿಸೆಪ್ಟರ್‌ಗಳು ಕಡಿಮೆಯಾಗುತ್ತವೆ.

ಎಲ್‌ಡಿಎಲ್ ಇಳಿಸಲು ಕೊಡುವ ಸ್ಟಾಟಿನ್ ಮಾತ್ರೆ ಅದೇ ರಿಸೆಪ್ಟರ್‌ಗಳನ್ನು ಹೆಚ್ಚಿಸುತ್ತದೆ. ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯ ಐದರಲ್ಲೊಂದು ಪಾಲು ತಗ್ಗುತ್ತದೆ. ಶುರು ಮಾಡಿದ 4ರಿಂದ 12 ವಾರದೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಬಹಳ ಮಂದಿ ಎಡವುವುದು ಇಲ್ಲೇ: ರಿಪೋರ್ಟ್ ನಾರ್ಮಲ್ ಬಂತೆಂದು ಮಾತ್ರೆ ಬಿಡುತ್ತಾರೆ, ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಮೈಕೈ ನೋವು ಬಂದರೂ ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿ; ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು.